ಬಾಗಿಲಿಗೆ ಕಟ್ಟಿದ ಬೇವಿನ ಸೊಪ್ಪು

ನನ್ನ ಮಗಳಿಗೆ ಹೆಣ್ಣು ಮಗು ಹುಟ್ಟಿತು, ನಾನು ತಾತ ಆದೆ. ತಲೆ ತುಂಬ ಕರಿ ಕೂದಲು, ಎರಡೂ ಕೈ ಮುಷ್ಟಿ ಬಿಗಿ ಹಿಡಿದ ಮಗು, ಆಸ್ಪತ್ರೆಯಿಂದ ನೇರವಾಗಿ ನನ್ನ ಮನೆಗೇ ಬಂತು. ಇದನ್ನು ಮೊದಲು ಹೇಳಿಬಿಡಬೇಕು, ಉಳಿದದ್ದೆಲ್ಲ ಆಮೇಲೆ. ಆ ದಿನ ಜಕ್ಕೂರಿನ ನಮ್ಮ ಬೀದಿಯಲ್ಲಿ ಎದುರಿಗೆ ಬಂದವರಿಗೆಲ್ಲ ಹೇಳಿದೆ. ಗುರುತಿಲ್ಲದ ಕೊರಿಯರ್‌ನವನನ್ನೂ ನಿಲ್ಲಿಸಿ ಹೇಳಿದೆ. ಅವನು ಹೆಲ್ಮೆಟ್ ತೆಗೆದು, “ಒಳ್ಳೇದಾಯ್ತು ತಾತ, ಮೂರನೇ ಕ್ರಾಸ್ ಎಲ್ಲಿ ಬರುತ್ತೆ?” ಅಂದ. ಅದನ್ನೂ ಸಂತೋಷದಿಂದಲೇ ತೋರಿಸಿದೆ.

ಆ ಸಂತೋಷ ಅಷ್ಟೊಂದು ಉಕ್ಕಿದ್ದಕ್ಕೆ ಕಾರಣವಿದೆ. ಅದಕ್ಕೆ ಹಿಂದಿನ ದಿನಗಳಲ್ಲಿ ನಾನು ಯಾವ ಮನುಷ್ಯರ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ.

ನಮ್ಮಲ್ಲಿ ಮೊದಲನೇ ಹೆರಿಗೆ ತವರಿನದು. ಆದರೆ ನನ್ನ ಹೆಂಡತಿ ಮಗಳ ಮದುವೆಗೂ ಮುಂಚೆಯೇ ತೀರಿಕೊಂಡಿದ್ದಳು. ಸೀಮಂತದ ದಿನ ಬಾಗಲಗುಂಟೆಯಲ್ಲಿ, ಮಗಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಎಲ್ಲರ ಎದುರಿಗೇ ಕೇಳಿದರು.

“ತಾಯಿ ಇಲ್ದಿರೋ ಮನೇಲಿ ಬಾಣಂತನ ಯಾರ್ ಮಾಡ್ತಾರೆ ಬೀಗ್ರೆ? ಇಲ್ಲೇ ಇರ್ಲಿ ಬಿಡಿ.”

“ನೀರು ಕಾಯ್ಸೋಕೆ ನಾನಿದೀನಿ. ನೀರು ಹಾಕೋಕೆ ನಮ್ಮಕ್ಕ ಬರ್ತಾಳೆ,” ಅಂದೆ.

“ನೀವು ನೀರು ಕಾಯ್ಸೋದು ನೋಡ್ಬೇಕು,” ಅಂತ ನಕ್ಕರು. ಮಗಳು ಮಾತ್ರ ನಗಲಿಲ್ಲ. “ನಾನು ನಮ್ಮಪ್ಪನ ಮನೇಗೇ ಹೋಗ್ತೀನಿ,” ಅಂದಳು. ಆ ಒಂದು ಮಾತು ನನಗೆ ಸಾಕಾಗಿತ್ತು.

ಮನೆಗೆ ಬಂದವನೇ ಅಟ್ಟದಿಂದ ತೊಟ್ಟಿಲು ಇಳಿಸಿದೆ. ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ಬಾಣಂತಿಗೆಂದು ಗಾಳಿ ಬಾರದ ಕೋಣೆಗೆ ಸುಣ್ಣ ಬಳಿಸಿ, ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಎಲ್ಲ ತಂದಿಟ್ಟೆ. ಚಿಕ್ಕಬಾಣಾವರದಲ್ಲಿರುವ ಅಕ್ಕನಿಗೆ ದಿನ ಹೇಳಿದೆ. ಆ ಕೋಣೆಯ ಬಾಗಿಲಲ್ಲಿ ನಿಂತು ನೋಡುವುದೇ ನನಗೊಂದು ಕೆಲಸವಾಗಿಬಿಟ್ಟಿತ್ತು.

ಮಗಳು ಬರುವ ವಾರ ಫೋನ್ ಬಂತು.

“ಯಜಮಾನ್ರೇ, ಇನ್‌ಕಮ್ ಟ್ಯಾಕ್ಸ್ ಆಫೀಸಿಂದ ಮಾತಾಡ್ತಿರೋದು. ಜಮೀನು ಕೊಟ್ರಲ್ಲ, ಅದರ ಟ್ಯಾಕ್ಸ್ ಕಟ್ಟಿಲ್ಲ ನೀವು. ನಿಮ್ಮ ಮೇಲೆ ಕೇಸಾಗಿದೆ.”

ಜಕ್ಕೂರಿನ ಯಾವ ಹಳೇ ಮನೆಗೆ ಫೋನ್ ಮಾಡಿ ಜಮೀನು ಕೊಟ್ರಲ್ಲ ಅಂದರೂ ಹೌದು ಅನ್ನುವವರೇ. ಇದು ಆಗ ನನಗೆ ಹೊಳೆಯಲಿಲ್ಲ. ನಮ್ಮ ರಾಗಿ ಹೊಲ ಇದ್ದ ಕಡೆ ಈಗ ಅಪಾರ್ಟ್‌ಮೆಂಟ್ ಎದ್ದಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ರಿಜಿಸ್ಟ್ರಾರ್ ಆಫೀಸಿನಲ್ಲಿ ಬೆರಳು ತೋರಿಸಿದ ಕಡೆಯೆಲ್ಲ ಸಹಿ ಹಾಕಿದ್ದೆ. ಏನು ಬರೆದಿತ್ತೋ, ಏನು ಕಟ್ಟಬೇಕಿತ್ತೋ, ಯಾರಿಗೆ ಗೊತ್ತು. ತಪ್ಪಾಗಿರಲಾರದು ಅನ್ನುವ ಧೈರ್ಯ ನನ್ನಲ್ಲಿರಲಿಲ್ಲ.

“ಪತ್ರಕ್ಕೆ ನಿಮ್ಮ ಜೊತೆ ಇನ್ಯಾರು ಸೈನ್ ಹಾಕಿದಾರೆ?”

“ನಮ್ಮ ಮಗಳು ಸಾರ್.” ಹೆಣ್ಣುಮಕ್ಕಳ ಸಹಿ ಇಲ್ಲದೆ ಈಗ ಜಮೀನು ಯಾರೂ ತಗೊಳ್ಳುವುದಿಲ್ಲ.

“ಅವರೆಲ್ಲಿದಾರೆ?”

“ಗಂಡನ ಮನೇಲಿ. ಈ ವಾರ ಇಲ್ಲಿಗೆ ಬರ್ತಾಳೆ, ಹೆರಿಗೆಗೆ.”

ಅವನು, “ಬರ್ಲಿ. ನಮ್ಮ ಟೀಮು ಯಾವಾಗ ಬೇಕಾದ್ರೂ ಮನೆಗೆ ಬರ್ಬೋದು. ಸೈನ್ ಹಾಕಿದವ್ರನ್ನೆಲ್ಲ ಕರ್ಕೊಂಡು ಹೋಗ್ತೀವಿ. ಯಾರಿಗೂ ಹೇಳ್ಬೇಡಿ, ಬೇರೆ ಯಾರ ಫೋನೂ ತೆಗೀಬೇಡಿ. ಎಲ್ಲಾ ಕೇಳಿಸ್ಕೋತಾ ಇರ್ತೀವಿ,” ಅಂದ.

ತುಂಬು ಬಸುರಿಯನ್ನು ಜೀಪಿಗೆ ಹತ್ತಿಸುವುದು ನನ್ನ ಕಣ್ಣಿಗೆ ಕಟ್ಟಿತು. ನನ್ನನ್ನು ಕರೆದುಕೊಂಡು ಹೋದರೆ ಹೋಗಲಿ. ಅವಳು ಮಾತ್ರ ಈ ಮನೆಯ ಹೊಸ್ತಿಲು ದಾಟಬಾರದು. ಆದರೆ ಬರಬೇಡ ಅನ್ನುವುದಕ್ಕೆ ಏನು ಕಾರಣ ಹೇಳಲಿ? ಸುಮ್ಮನೆ ಹೇಳಿದರೆ ಕೇಳುವ ಮಗಳಲ್ಲ. ಹಿತ್ತಲಿಗೆ ಹೋಗಿ ಬೇವಿನ ಸೊಪ್ಪು ಮುರಿದು ತಂದು ಬಾಗಿಲಿಗೆ ಕಟ್ಟಿದೆ.

ಡಾಕ್ಟರು ಚಿಕನ್‌ಪಾಕ್ಸ್ ಅನ್ನುವುದಕ್ಕೆ ನಮ್ಮ ಕಡೆ ಅಮ್ಮ ಬಂದಿದೆ ಅನ್ನುತ್ತೇವೆ. ಬಾಗಿಲಲ್ಲಿ ಬೇವಿನ ಸೊಪ್ಪು ಕಂಡರೆ ಯಾರೂ ಒಳಗೆ ಕಾಲಿಡುವುದಿಲ್ಲ, ಬಸುರಿಯಂತೂ ಆ ಬೀದಿಗೇ ಬರುವುದಿಲ್ಲ. ಮಗಳಿಗೆ ಫೋನ್ ಮಾಡಿದೆ. ಕೇಳಿಸಿಕೊಳ್ಳುವವರು ಇದನ್ನೂ ಕೇಳಿಸಿಕೊಳ್ಳಲಿ ಅಂದುಕೊಂಡು, “ನಂಗೆ ಅಮ್ಮ ಬಂದೈತೆ ಕಣಮ್ಮ, ನೀನು ಬರ್ಬೇಡ,” ಅಂದೆ.

“ನಿನ್ನ ಯಾರಪ್ಪ ನೋಡ್ಕೊಳ್ಳೋರು?” ಅಂದಳು. ಅಳು ನುಂಗಿಕೊಂಡದ್ದು ನನಗೆ ತಿಳಿಯಿತು. ಬೀದಿಯವರು ನೋಡಿಕೊಳ್ಳುತ್ತಾರೆ ಅಂತ ಹೇಳಿ ಫೋನಿಟ್ಟೆ. ಅಕ್ಕನಿಗೂ ಅದನ್ನೇ ಹೇಳಿದೆ. ಆಮೇಲೆ ಯಾರ ಫೋನನ್ನೂ ತೆಗೆಯಲಿಲ್ಲ.

ಬೀದಿಯವರು ನೋಡಿಕೊಂಡರು, ಅದು ಸುಳ್ಳಲ್ಲ. ಗೇಟಿನ ಹತ್ತಿರ ಎಳನೀರು ಇಟ್ಟು ಹೋಗುತ್ತಿದ್ದರು. ಯಾರೋ ತಟ್ಟೆ ಮುಚ್ಚಿದ ಪಾತ್ರೆಯಲ್ಲಿ ರಾಗಿ ಅಂಬಲಿ ಇಟ್ಟಿರುತ್ತಿದ್ದರು. ನಾನು ಹೊರಗೆ ಬರುವಷ್ಟರಲ್ಲಿ ಬೆನ್ನು ಮಾತ್ರ ಕಾಣುತ್ತಿತ್ತು. ಹಾಲಿನವಳು ಪ್ಯಾಕೆಟ್ಟನ್ನು ಗೇಟಿನ ಕಂಬಿಗೆ ಸಿಕ್ಕಿಸಿ, ಕೆನ್ನೆಗೆ ಕೈ ಮುಟ್ಟಿಸಿ ಕೈಮುಗಿದು ಹೋಗುತ್ತಿದ್ದಳು. ಅವಳು ಕೈಮುಗಿದದ್ದು ನನಗಲ್ಲ, ಅಮ್ಮನಿಗೆ. ನಮ್ಮೂರಿನ ಏರೋಡ್ರೋಮಿನ ಪುಟ್ಟ ವಿಮಾನ ತಲೆ ಮೇಲೆ ಸುತ್ತುತ್ತಿತ್ತು. ಒಳಗೆ ವಿಮಾನ ಓಡಿಸಲು ಕಲಿಯುವ ಹುಡುಗರಿರುತ್ತಾರಂತೆ. ಅವರಿಗಾದರೂ ನನ್ನ ಅಂಗಳ ಕಾಣುತ್ತಿರಬಹುದು ಅಂದುಕೊಂಡು ಹಿತ್ತಲಲ್ಲಿ ಕೂತಿರುತ್ತಿದ್ದೆ. ಒಳಗೆ ಬಂದರೆ ಖಾಲಿ ತೊಟ್ಟಿಲು. ಕೊನೆಗೆ ಆ ಕೋಣೆಯ ಬಾಗಿಲನ್ನೇ ಮುಚ್ಚಿಬಿಟ್ಟೆ.

ಮಾತಾಡುತ್ತಿದ್ದವನು ಅವನೊಬ್ಬನೇ. ಬೆಳಿಗ್ಗೆ ಫೋನ್ ಮಾಡುತ್ತಿದ್ದ. ಮೊದಲು ಗದರಿಕೆ, ಆಮೇಲೆ ಸಮಾಧಾನ. “ತಿಂಡಿ ಆಯ್ತಾ ಯಜಮಾನ್ರೇ? ಹೆದರ್ಬೇಡಿ, ನಾನು ನಿಮ್ಮ ಕಡೆ ಇದೀನಿ. ಎಟಿಎಂ ಕಾರ್ಡಿನ ನಂಬರ್ ಹೇಳ್ಬಿಡಿ, ಫೈಲ್ ಮುಗಿಸ್ಬಿಡ್ತೀನಿ,” ಅನ್ನುತ್ತಿದ್ದ. ಕಾರ್ಡು ಮಗಳ ಹತ್ತಿರ ಇತ್ತು. ಹಾಗಾದರೆ ಬ್ಯಾಂಕಿಗೆ ಹೋಗಿ ಕಟ್ಟಿ ಅಂದ.

“ಹೋಗೋದೆಂಗೆ ಸಾರ್, ಅಮ್ಮ ಬಂದಿರೋನು ಬೀದೀಲಿ ಓಡಾಡಿದ್ರೆ ಜನ ಬಿಡ್ತಾರಾ?”

“ಯಾವ ಅಮ್ಮ?”

ಅವನಿಗೆ ಅರ್ಥ ಮಾಡಿಸುವುದರಲ್ಲಿ ನನಗೆ ಸಾಕುಸಾಕಾಯಿತು. ನಿಜ ಹೇಳಬೇಕೆಂದರೆ, ಬೆಳಿಗ್ಗೆ ಅವನ ಫೋನು ತಡವಾದರೆ ನಾನೇ ಅದನ್ನು ಕೈಯಲ್ಲಿ ಹಿಡಿದು ಕೂತಿರುತ್ತಿದ್ದೆ. ಹೆದರಿಸುವವನಾದರೂ ಸರಿ, ತಿಂಡಿ ಆಯಿತಾ ಅಂತ ಕೇಳುವವನು ಒಬ್ಬ ಇದ್ದ.

ಒಂದು ದಿನ ಅಳಿಯನ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಮಧ್ಯಾಹ್ನ, ಸಾಯಂಕಾಲ, ಮತ್ತೆ ಮಾರನೇ ದಿನ. ತೆಗೆದರೆ ಅವರಿಗೆ ತೊಂದರೆ, ತೆಗೆಯದಿದ್ದರೆ ನನಗೆ ಸಂಕಟ. ಫೋನನ್ನು ದಿಂಬಿನ ಕೆಳಗೆ ಇಟ್ಟೆ. ಅಲ್ಲಿಂದಲೂ ಕೇಳಿಸುತ್ತಿತ್ತು.

ಅದರ ಮರುದಿನ ಬೆಳಿಗ್ಗೆ ಗೇಟಿನಲ್ಲಿ ಆಟೊ ನಿಂತಿತು. ಅಕ್ಕ ಇಳಿದಳು. ನಾನು ಗಾಬರಿಯಿಂದ ಕಂಬಳಿ ಹೊದ್ದುಕೊಂಡು ಜಗಲಿಗೆ ಬಂದೆ.

“ಒಳಗೆ ಬರ್ಬೇಡ ಅಕ್ಕ.”

“ನಾನೇನು ಒಳಕ್ಕೆ ಬರಕ್ಕಿಲ್ಲ. ಫೋನ್ ತೆಗ್ಯಕ್ಕೇನ್ಲಾ ರೋಗ ನಿಂಗೆ? ಮೊನ್ನೆ ರಾತ್ರಿ ನಿನ್ ಮಗಳು ಎತ್ತವ್ಳೆ, ಎಣ್ ಕೂಸು. ಇಬ್ರೂ ಚೆಂದಾಗವ್ರೆ. ಇವತ್ತು ಆಸ್ಪತ್ರೆಯಿಂದ ಬಿಡ್ತಾರೆ. ನೀನು ಇಂಗೆ ಬಿದ್ದಿದೀಯ ಅಂತ ಅವ್ರತ್ತೆ ಬಾಗಲಗುಂಟೆಗೇ ಕರ್ಕೊಂಡೋಗ್ತಾಳಂತೆ.”

ಮೊನ್ನೆಯೇ ತಾತ ಆಗಿದ್ದೆ, ನನಗೆ ಗೊತ್ತಿರಲಿಲ್ಲ.

ಅಕ್ಕ ಹೊರಡಲು ತಿರುಗಿದವಳು ನಿಂತಳು. ಮೂಗು ಎತ್ತಿ ಒಂದು ಸಲ ಗಾಳಿ ಎಳೆದುಕೊಂಡಳು.

“ಏನ್ಲಾ ಅದು? ಒಗ್ಗರಣೆ ವಾಸ್ನೆ?”

ಅಮ್ಮ ಬಂದ ಮನೆಯಲ್ಲಿ ಒಲೆಯ ಮೇಲೆ ಎಣ್ಣೆ ಕಾಯಿಸಬಾರದು, ಒಗ್ಗರಣೆ ಹಾಕಬಾರದು. ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ. ನಾನು ಅವತ್ತು ಅಂಬಲಿ ಕುಡಿದು ಬೇಸತ್ತು, ಸಾಸಿವೆ, ಬೆಳ್ಳುಳ್ಳಿ, ಕರಿಬೇವು ಹಾಕಿ ಸಾರು ಮಾಡಿಕೊಂಡಿದ್ದೆ.

ಅಕ್ಕ ಗೇಟು ತಳ್ಳಿಕೊಂಡು ಬಂದು ನನ್ನ ಕಂಬಳಿ ಕಿತ್ತಳು. ಕೈ ನೋಡಿದಳು, ಬೆನ್ನು ನೋಡಿದಳು.

“ಒಂದು ಗುಳ್ಳೆ ಇಲ್ಲ. ಚಿಕ್ಕೋನಿದ್ದಾಗ ನಿಂಗೆ ಒಂದ್ಸಲ ಬಂದೋಗಿತ್ತಲ್ಲ, ನೀನು ಫೋನ್ ಮಾಡ್ದಾಗ್ಲೇ ಅನ್ಮಾನ ಆಗಿತ್ತು. ಯಾಕಿಂಗೆ ನಾಟ್ಕ ಆಡ್ತಿದೀಯ, ಬೊಗಳು.”

ಹೇಳಿದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ಅಕ್ಕ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಿ, “ಜೀಪು ತರೋರು ಫೋನ್ ಮಾಡಿ ತಿಂಡಿ ಆಯ್ತಾ ಅಂತಾರೇನ್ಲಾ? ಅಂಗಿ ಆಕ್ಕೊ, ಆಟೋದವ್ನು ಕಾಯ್ತಾವ್ನೆ,” ಅಂದಳು.

ಆಸ್ಪತ್ರೆಯಲ್ಲಿ ಬೀಗಿತ್ತಿ ನನ್ನನ್ನು ಕಂಡವರೇ ಮಗುವನ್ನು ಎದೆಗೆ ಅವುಚಿಕೊಂಡು ಗೋಡೆಯ ಕಡೆ ಸರಿದರು. ಅಕ್ಕ ನನ್ನ ತೋಳು ಹಿಡಿದು ಮುಂದೆ ತಳ್ಳಿದಳು. ಅಳಿಯ, ಬೀಗಿತ್ತಿ, ಮಂಚದ ಮೇಲೆ ಮಗಳು, ಮೂವರ ಎದುರಿಗೂ ಮತ್ತೆ ಎಲ್ಲ ಹೇಳಿದೆ. ಮಗಳ ಮುಖದಲ್ಲಿ ಏನಿತ್ತೆಂದು ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ನನ್ನ ಜೇಬಿನಲ್ಲಿ ಫೋನು ಕೂಗಿತು. ಅದು ಅವನು ದಿನಾ ಫೋನ್ ಮಾಡುವ ಹೊತ್ತು.

“ಕೊಡಪ್ಪ ಇಲ್ಲಿ,” ಅಂದಳು ಮಗಳು.

ಕೊಟ್ಟೆ. ಅವಳು ದಿಂಬಿಗೆ ಒರಗಿಕೊಂಡು ತನ್ನ ಹೆಸರು ಹೇಳಿದಳು. “ನಾನೇ ಅಲ್ವಾ ನಿಮಗೆ ಬೇಕಾಗಿರೋದು? ಸೈನ್ ಹಾಕಿದೀನಿ, ಹೌದು. ಹೆರಿಗೆ ವಾರ್ಡಲ್ಲಿ ಇದೀನಿ, ಬಂದು ಕರ್ಕೊಂಡು ಹೋಗಿ. ಬರೋವಾಗ ನಿಮ್ಮ ಆಫೀಸರ್ ಹೆಸರು, ಆಫೀಸ್ ಎಲ್ಲಿದೆ ಅಂತ ಬರ್ಕೊಂಡು ಬನ್ನಿ, ನಮ್ಮತ್ತೆ ನೋಡ್ಬೇಕಂತೆ.”

ಅವಳು ಫೋನನ್ನು ನನ್ನ ಕೈಗಿಟ್ಟಳು. “ಇಟ್ಬಿಟ್ಟ,” ಅಂದಳು. ಆಮೇಲೆ, “ನಾನು ಬರೋದೇ ನಿಂಗೆ ಬೇಡ ಅಂದ್ಕೊಂಡಿದ್ದೆ ಅಪ್ಪ. ಅಮ್ಮ ಇಲ್ದೆ ನಿನ್ನ ಕೈಲಿ ಆಗಲ್ಲ ಅಂತ ನೆಪ ಹೇಳ್ತಿದೀಯ ಅಂತ,” ಅಂದಳು. ಫೋನ್ ಮಾಡಿದವನು ನನ್ನಿಂದ ಏನಾದರೂ ಕಿತ್ತುಕೊಂಡಿದ್ದರೆ ಅದು ಇದೇ. ಅಷ್ಟು ದಿನವೂ ಅವಳು ಅಲ್ಲಿ ಒಬ್ಬಳೇ ಹಾಗಂದುಕೊಂಡಿದ್ದಳು, ನಾನು ಇಲ್ಲಿ ಒಬ್ಬನೇ ಕೂತಿದ್ದೆ.

ಬೀಗಿತ್ತಿ ಇನ್ನೂ ಮಗುವನ್ನು ಬಿಟ್ಟಿರಲಿಲ್ಲ. “ಅಮ್ಮನ ಹೆಸರಲ್ಲಿ ಸುಳ್ಳು ಹೇಳಿದ್ರಾ ಬೀಗ್ರೆ? ತಪ್ಪು ಕಾಣಿಕೆ ಹಾಕ್ದೆ ಕೂಸನ್ನ ಆ ಮನೆಗೆ ಹೆಂಗ್ ಕಳಿಸ್ಲಿ?”

“ಆಕೋಣ,” ಅಂದಳು ಅಕ್ಕ. “ಬ್ಯಾಂಕಿಗೆ ಓಗದಂಗೆ ಇವ್ನನ್ನ ಮನೇಲಿ ಕಟ್ಟಾಕಿದ್ದು ಆ ಅಮ್ಮನೇ ಅಲ್ವಾ. ಮೊಸರನ್ನ ನಾನೇ ಮಾಡ್ತೀನಿ. ನೀವೂ ಬನ್ನಿ. ಇವ್ನು ನೀರು ಕಾಯ್ಸೋದು ನೋಡ್ಬೇಕು ಅಂದಿದ್ರಂತಲ್ಲ.”

ಬೀಗಿತ್ತಿ ನಗು ತಡೆಯಲು ನೋಡಿದರು, ಆಗಲಿಲ್ಲ. ಮಗುವನ್ನು ನನ್ನ ಕೈಗೆ ಕೊಟ್ಟರು. ಎಷ್ಟು ಹಗುರ, ಎಷ್ಟು ಬಿಸಿ. ಎಲ್ಲಿ ಹಿಡಿಯಬೇಕೋ ಗೊತ್ತಾಗದೆ ಹಾಗೇ ನಿಂತಿದ್ದೆ.

ಅಳಿಯನ ಸ್ನೇಹಿತನ ಕಾರಿನಲ್ಲಿ ಎಲ್ಲರೂ ಬಂದೆವು. ನಮ್ಮ ಬೀದಿಯ ಕೊನೆಯಲ್ಲಿರುವ ಮಾರಮ್ಮನ ಗುಡಿಯಲ್ಲಿ ಮೊಸರನ್ನ ಎಡೆ ಮಾಡಿಸಿ, ಹುಂಡಿಗೆ ಕಾಣಿಕೆ ಹಾಕಿದೆ. ಬೇವಿನ ಸೊಪ್ಪನ್ನು ಅಕ್ಕನೇ ಬಿಚ್ಚಿದಳು. ತಾಯಿ ಮಗುವಿಗೆ ಆರತಿ ಎತ್ತಿ ಒಳಗೆ ಕರೆದುಕೊಂಡಳು. ಬೀದಿಯವರು ಗೇಟಿನವರೆಗೆ ಬಂದರು, ಆಮೇಲೆ ಜಗಲಿಯವರೆಗೆ. ಎಳನೀರು ಕೊಟ್ಟವರಿಗೆಲ್ಲ ವಿಷಯ ಹೇಳಿ ಸಕ್ಕರೆ ಹಂಚಿದೆ. “ನಮ್ಮ ಎಳನೀರು ವಾಪಸ್ ಕೊಡು ತಾತ,” ಅಂತ ಪಕ್ಕದ ಮನೆಯ ಹೆಂಗಸು ಅಂದಿದ್ದಕ್ಕೆ ಎಲ್ಲರೂ ನಕ್ಕರು.

ಸಾಯಂಕಾಲ ಊಟಕ್ಕೆ ಅಕ್ಕ ಬಾಣಂತಿಗೆ ಅಂತ ಮೆಣಸು ಬೆಳ್ಳುಳ್ಳಿ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ ಮಾಡಿದಳು. ಬೇರೆ ಅಡುಗೆ ಮಾಡುವ ಪುರುಸೊತ್ತು ಇರಲಿಲ್ಲ, ಎಲ್ಲರಿಗೂ ಅದೇ. ಮಗಳಿಗೆ ಕೋಣೆಯ ಹೊಸ್ತಿಲ ಹತ್ತಿರ ಚಾಪೆ ಹಾಕಿದೆವು, ನಾವು ನಡುಮನೆಯಲ್ಲಿ ಕೂತೆವು. ಅಳಿಯ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಾ, “ಬಾಣಂತಿ ಊಟ ಇಷ್ಟು ಚೆನ್ನಾಗಿರುತ್ತಾ?” ಅಂದ. “ಹಂಗಾದ್ರೆ ನೀನೂ ಬಿಸಿನೀರಿಗೆ ಕೂತ್ಕೊ,” ಅಂದರು ಅವನ ತಾಯಿ. ಮಗು ಅತ್ತಾಗ ಒಬ್ಬೊಬ್ಬರೇ ಎಂಜಲು ಕೈ ಮೇಲೆತ್ತಿಕೊಂಡು ಏಳಲು ನೋಡಿದರು. ಮಗಳು, “ಎಲ್ರೂ ಕೂತ್ಕೊಂಡು ಊಟ ಮಾಡಿ,” ಅಂತ ಎಡಗೈಯಿಂದ ತೊಟ್ಟಿಲು ತೂಗಿದಳು. ಅಕ್ಕ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಬೇಡ ಅನ್ನಲಿಲ್ಲ, ಅನ್ನವನ್ನೂ ಹಾಕು ಅಂದೆ.