ಹೊಲಿದವರ ಹೆಸರು

ನಮ್ಮ ಕಡೆ ಜನಕ್ಕೆ ದಾನ ಕೊಡುವ ಮೊದಲೇ ಬೋರ್ಡು ಬರೆಸುವ ಚಟ. ದೇವಸ್ಥಾನಕ್ಕೊಂದು ಟ್ಯೂಬ್‌ಲೈಟ್ ಕೊಟ್ಟರೂ ತಾತ, ಅಪ್ಪ, ಮಗನ ಹೆಸರೆಲ್ಲ ಅದರ ಮೇಲೇ ಬರೆಸಿ ಬೆಳಕು ಹೊರಗೆ ಬರದಂತೆ ಮಾಡುತ್ತಾರೆ. ಇಂಥ ಊರಲ್ಲಿ ಶಶಿಕಲಾ ಟೀಚರ್ ಮ್ಯೂಸಿಯಂ ಮಾಡಲು ಹೊರಟರು.

ವೈಟ್‌ಫೀಲ್ಡ್ ಆಚೆಗಿನ ನಮ್ಮ ಸರ್ಕಾರಿ ಶಾಲೆಗೆ ಬಿಸಿಯೂಟ ವ್ಯಾನಿನಲ್ಲಿ ಬರತೊಡಗಿದ ಮೇಲೆ ಅಡುಗೆಕೋಣೆ ಖಾಲಿ ಬಿದ್ದಿತ್ತು. ಅದರ ಮಸಿಗೋಡೆಗೆ ಟೀಚರ್ ತಾವೇ ಸುಣ್ಣ ಬಳಿದರು. ಹೊಲಗಳಲ್ಲಿ ಗಾಜಿನ ಕಟ್ಟಡ ಎದ್ದ ಮೇಲೆ ಜನ ಮೂಲೆಗೆಸೆದಿದ್ದ ಕೂರಿಗೆ, ಬುಟ್ಟಿ, ಬಳ್ಳಗಳನ್ನೆಲ್ಲ ಮನೆಮನೆ ತಿರುಗಿ ತಂದರು. ಆದರೆ ಅವರದೊಂದು ಹಠ. ವಸ್ತುವಿನ ಕೆಳಗೆ ಕೊಟ್ಟವರ ಹೆಸರಲ್ಲ, ಮಾಡಿದವರ ಹೆಸರು. ಟೀಚರ್ ಮಾಲೂರು ಕಡೆಯ ಕುಂಬಾರರ ಮಗಳು. ಅವರಪ್ಪನ ಮಡಕೆಯಲ್ಲಿ ಬೇಯಿಸಿ ಉಂಡವರಿಗೆ ಅವರಪ್ಪನ ಹೆಸರೇ ಗೊತ್ತಿರಲಿಲ್ಲ. ಊರವರು ಮುಖ ಸಿಂಡರಿಸಿದರೂ ಹೇಗೋ ಸಹಿಸಿಕೊಂಡರು.

ಕಪಿಲೆಯ ತೊಗಲಚೀಲ ಗೋಡೆಗೇರಿದಾಗ ಸಹನೆ ಮುಗಿಯಿತು. ಎತ್ತು ಕಟ್ಟಿ ಬಾವಿಯಿಂದ ನೀರೆತ್ತುತ್ತಿದ್ದ ಚೀಲ ಅದು. ಕೊಟ್ಟವನು ಭಾನುಪ್ರಕಾಶ್, ತಾತನ ಹೊಲದಲ್ಲಿ ಪಿ.ಜಿ. ಕಟ್ಟಿಸಿ ಬಾಡಿಗೆ ಎಣಿಸುವ ಮಹಾನುಭಾವ. ಹೊಲಿದವರು ಊರಾಚೆಯ ಕೇರಿಯ ಪಿಳ್ಳಮುನಿಯಪ್ಪ. ಅವರ ಹೆಸರನ್ನು ಟೀಚರ್ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದರು.

ಮರುದಿನವೇ ಭಾನುಪ್ರಕಾಶ್ ಕಾರಿಳಿದು ಒಳಗೆ ನುಗ್ಗಿದ. ಪಕ್ಕದ ಕೋಣೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ನಾನು ಗಲಾಟೆ ಕೇಳಿ ಓಡಿಬಂದೆ.

"ಏನ್ ಮೇಡಂ ಇದು? ನಮ್ ತಾತನ ಚೀಲಕ್ಕೆ ಅವನ್ಯಾರದೋ ಹೆಸರಾ? ಅಳಿಸಿ. ಇಲ್ಲಾಂದ್ರೆ ಚೀಲ ವಾಪಸ್ ಕೊಡಿ."

"ನಿಮ್ ಹೊಲ ಕುಡಿದ ನೀರೆಲ್ಲ ಅವರು ಹೊಲಿದ ಚೀಲದ್ದೇ ಅಲ್ವೇನ್ರೀ? ಅಳಿಸಲ್ಲ. ತಗೊಳ್ಳಿ." ಟೀಚರ್ ಮೊಳೆಯಿಂದ ಚೀಲ ಬಿಡಿಸಿ ಅವನ ಮುಂದೆ ಹಿಡಿದರು.

ಅವನು ತಟ್ಟನೆ ಕೈ ಹಿಂದಕ್ಕೆಳೆದುಕೊಂಡ. ಸೊಂಟಕ್ಕೆ ತೊಗಲಿನ ಬೆಲ್ಟು, ಕಾರಿಗೆ ತೊಗಲಿನ ಸೀಟು, ಕೇರಿಯವರು ಹೊಲಿದ ಚೀಲ ಮುಟ್ಟಲು ಮಾತ್ರ ಮೈಲಿಗೆ! ಥೂ, ಇವನ ಮಡಿಗಿಷ್ಟು ಬೆಂಕಿ ಹಾಕ. ಡ್ರೈವರನ್ನು ಕೂಗಿ ಚೀಲ ಹೊರಿಸಿದ.

ಬಾಗಿಲ ಬಳಿ ಅಂಜನಮ್ಮ ನಿಂತಿದ್ದರು. ಪಿಳ್ಳಮುನಿಯಪ್ಪನವರ ಮಗಳು, ಇದೇ ಭಾನುಪ್ರಕಾಶನ ಪಿ.ಜಿ.ಯಲ್ಲಿ ನೆಲ ಒರೆಸುವವರು. ಅಪ್ಪನ ಹೆಸರು ಗೋಡೆಗೆ ಬಂದಿದೆಯೆಂದು ಕೇಳಿ ನೋಡಲು ಬಂದಿದ್ದರು. ಮಾಲೀಕನನ್ನು ಕಂಡೂ ಅವರು ಪಕ್ಕಕ್ಕೆ ಸರಿಯಲಿಲ್ಲ. ಅವನೆದುರೇ ಒಳಗೆ ಬಂದು, ಖಾಲಿ ಮೊಳೆಯ ಕೆಳಗಿನ ಅಕ್ಷರಗಳನ್ನು ಅಂಗೈಯಿಂದ ಸವರಿದರು. ಆಮೇಲೆ ಅವನಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದರು.

"ಎಸ್ರು ಅಂಗೇ ಇರ್ಲಿ ಟೀಚರಮ್ಮ. ತೊಗ್ಲು ತರಿಸ್ಕೊಡಿ. ಚೀಲ ಒಲಿಯೋದು ನಂಗೂ ಬತ್ತದೆ."