ಸೀಟಿನ ಕೆಳಗಿನ ಕೊಡಲಿ

ಆ ಕೊಡಲಿಯನ್ನು ಆರಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಇವತ್ತಿಗೂ ಅದನ್ನು ನನ್ನ ಗಂಡನ ಕೊಡಲಿ ಎಂದೇ ಕರೆಯುತ್ತಾರೆ, ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಎಂಬತ್ತರ ದಶಕದ ಕೊನೆ. ನಾವಿದ್ದದ್ದು ಮೇಡ್ಲೇರಿಯಲ್ಲಿ. ಗಂಡ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಸಾಗಿಸುವ ಟೆಂಪೊ ಓಡಿಸುತ್ತಿದ್ದ. ಊರಿನ ಮಣ್ಣುದಾರಿಯ ಎರಡೂ ಬದಿ ಜಾಲಿಗಿಡ, ಗಾಳಿ ಬೀಸಿದರೆ ಒಂದಾದರೂ ಅಡ್ಡ ಬೀಳುತ್ತಿತ್ತು. ಗಾಡಿಯಲ್ಲಿ ಕೊಡಲಿ ಇರಲೇಬೇಕೆಂದು ಹಟ ಹಿಡಿದೆ. ಹಾವೇರಿ ಸಂತೆಯಲ್ಲಿ ಅವನು ಕೆಂಪು ಬಣ್ಣ ಬಳಿದ ದೊಡ್ಡದೊಂದನ್ನು ಹೆಗಲ ಮೇಲಿಟ್ಟುಕೊಂಡು ಮೀಸೆ ತಿರುವಿದ.

"ಇದನ್ನ ಬೀಸಾಕ ಒಂದು ಹೊಲಾನ ಬೇಕು. ಗಾಡ್ಯಾಗ ಎಲ್ಲಿ ಇಡ್ತೀರಿ?" ಎಂದೆ.

ಹಲಗೇರಿಯ ಕಮ್ಮಾರನ ಬಳಿ ಒಂದೇ ಕೈಯಲ್ಲಿ ಬೀಸುವಂಥದ್ದು ಮಾಡಿಸಿದೆ. ಗೂಟ ಬಡಿಯಲು ಹಿಂಬದಿ ಸುತ್ತಿಗೆಯಂತೆ ಚಪ್ಪಟೆ. ಹಿಡಿಯುವ ಕಾವು ಮೊಳದುದ್ದ, ಬೆವರಿದ ಕೈಗೂ ಜಾರದಂತೆ ತುದಿ ದಪ್ಪ. ಡ್ರೈವರ್ ಸೀಟಿನ ಕೆಳಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಇದು ಒಲೆಯ ಕಟ್ಟಿಗೆಗಲ್ಲ, ಇಲ್ಲಿಂದ ಕದಲಬಾರದು ಎಂದು ಮನೆಮಂದಿಗೆಲ್ಲ ಹೇಳಿದ್ದೆ.

ಕದಲಿಸಿದ್ದು ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆ. ನಮ್ಮ ಕಡೆ ಅಂದು ಮನೆಯ ಕುಡಗೋಲು, ಕುರ್ಪಿ, ಕೊಡಲಿ ಎಲ್ಲ ತೊಳೆದು ಮಣೆಯ ಮೇಲಿಟ್ಟು ಪೂಜೆ ಮಾಡಿದರೆ, ಮರುದಿನ ಬನ್ನಿ ಮುಡಿಯುವತನಕ ಮುಟ್ಟುವಂತಿಲ್ಲ. ಮೊದಲ ಹೆರಿಗೆ ತವರಿನಲ್ಲಾಗಿತ್ತು, ಎರಡನೆಯದಕ್ಕೆ ನಾನು ಇಲ್ಲೇ ಇದ್ದೆ, ದಿನ ತುಂಬಿತ್ತು.

"ಟೆಂಪೊಕ್ಕ ಪೂಜಿ ಮಾಡ್ತೀರಲ್ಲ, ಒಳಗ ಇದ್ದದ್ದಕ್ಕೂ ಮುಟ್ಟತೈತಿ. ಅಲ್ಲೇ ಬಿಡ್ರಿ," ಎಂದು ಬೇಡಿಕೊಂಡೆ. ಅತ್ತೆ ಕೇಳಲಿಲ್ಲ. ಗಂಡ ಅವ್ವನ ಮಾತು ಮೀರಲಿಲ್ಲ.

ಮಧ್ಯಾಹ್ನ ನೋವು ಶುರುವಾಯಿತು. ಕೂಸು ಅಡ್ಡ ತಿರುಗಿದೆ, ಲಗೂನ ರಾಣೆಬೆನ್ನೂರಿಗೆ ಒಯ್ಯಿರಿ ಎಂದಳು ಸೂಲಗಿತ್ತಿ. ಚೆಂಡುಹೂವಿನ ಮಾಲೆ ಸಮೇತ ಟೆಂಪೊ ಹೊರಟಿತು. ಅದಕ್ಕೂ ಪೂಜೆಯಾಗಿತ್ತು, ಆದರೆ ಅದನ್ನು ಮುಟ್ಟಬಹುದಿತ್ತು! ಇದು ಯಾವ ನ್ಯಾಯವೋ ನನಗೆ ಇವತ್ತಿಗೂ ತಿಳಿದಿಲ್ಲ. ಅರ್ಧ ದಾರಿ ದಾಟಿದ ಮೇಲೆ, ಹಿಂದಿನ ದಿನದ ಮಳೆಗೆ ಬೇರು ಸಡಿಲಾಗಿದ್ದ ಜಾಲಿಯೊಂದು ದಾರಿಗಡ್ಡ ಬಿದ್ದಿತ್ತು. ಗಂಡ ಅಭ್ಯಾಸದಂತೆ ಸೀಟಿನ ಕೆಳಗೆ ಕೈ ಹಾಕಿದ. ಬರಿಗೈ ಹೊರಗೆ ಬಂದದ್ದನ್ನು ನಾನು ಹಿಂದೆ ಮಲಗಿದ್ದಲ್ಲಿಂದಲೇ ನೋಡಿದೆ.

ಹತ್ತಿರದ ಹೊಲದ ಮನೆಗಳಿಗೆ ಓಡಿದ. ಯಾವ ಮನೆಯಲ್ಲೂ ಕೊಡಲಿಗೆ ಬರವಿರಲಿಲ್ಲ. ಎಲ್ಲವೂ ಕುಂಕುಮ ಹಚ್ಚಿಕೊಂಡು ಮಣೆಯ ಮೇಲೆ ಕೂತಿದ್ದವು. "ನಾಳಿಕ ಬನ್ನಿ ಮುಡಿಯೂತನಕ ಎತ್ತಂಗಿಲ್ಲಪಾ, ತಪ್ಪು ತಿಳೀಬ್ಯಾಡ," ಅಂದರಂತೆ. ಇವನು ಜಗಳವಾಡಲಿಲ್ಲ, ಕಸಿದುಕೊಳ್ಳಲಿಲ್ಲ, ಹೌದೆಂದು ತಲೆಯಾಡಿಸಿ ವಾಪಸ್ ಬಂದ. ಹಾಗೆಂದು ಆಮೇಲೆ ಅವನೇ ಹೇಳಿದ. ಆ ತಲೆಯಾಡಿಸಿದ್ದನ್ನು ನಾನು ಕ್ಷಮಿಸಿಲ್ಲ.

ಕಡೆಗೆ ಯಾರೋ ಎತ್ತು ತಂದು, ಹಗ್ಗ ಕಟ್ಟಿ ಮರ ಎಳೆಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಆಸ್ಪತ್ರೆಯಲ್ಲಿ ನನ್ನ ಹೊಟ್ಟೆ ಕೊಯ್ದು ತೆಗೆದ ಹೆಣ್ಣುಕೂಸು ಅಳಲೇ ಇಲ್ಲ. ಇನ್ನಷ್ಟು ಬೇಗ ತಂದಿದ್ದರೆ, ಎಂದು ಡಾಕ್ಟರು ಮಾತನ್ನು ಅರ್ಧಕ್ಕೇ ನಿಲ್ಲಿಸಿದರು. ಅತ್ತೆ ಹಣೆಬರಹ ಎಂದರು. ಹಣೆಬರಹವೂ ಅಲ್ಲ, ಏನೂ ಅಲ್ಲ. ಆ ಹೊತ್ತಿಗೆ ನಾನು ಮಾಡಿಸಿದ ಕೊಡಲಿ ದೇವರ ಕೋಣೆಯಲ್ಲಿ ಊದುಬತ್ತಿಯ ಹೊಗೆ ಕುಡಿಯುತ್ತಿತ್ತು.

ಮರುವರ್ಷ ಅದೇ ಹಬ್ಬ, ಅದೇ ಮಣೆ. ಆರತಿ ಮುಗಿಯುತ್ತಲೇ ಎಲ್ಲರೆದುರು ಹೋಗಿ ಕೊಡಲಿಯನ್ನು ಎತ್ತಿಕೊಂಡೆ. ಸೆರಗಿನಿಂದ ಕುಂಕುಮ ಒರೆಸಿ ಟೆಂಪೊದತ್ತ ನಡೆದೆ.

"ದೇವರು ಸಿಟ್ಟಾಕ್ಕಾನ, ಇಡ ಕೆಳಗ!" ಎಂದು ಅತ್ತೆ ಕೂಗಿದರು.

"ಆಗಲಿ ಬಿಡ್ರಿ," ಎಂದೆ. "ಒಲಿದಾಗ ಏನ್ ಮಾಡಿದಾ ಅಂತ ನೋಡೀನಲ್ಲ."