ಅತ್ತೆಯ ಬಚ್ಚಲು, ನನ್ನ ರಸಮಟ್ಟ

ಹೋದ ಚಳಿಗಾಲದ ಒಂದು ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ, ದಾಂಡೇಲಿಯ ನಮ್ಮ ಮನೆಯ ಹೊಸ ಬಚ್ಚಲಿನ ಬಾಗಿಲಲ್ಲಿ ನಾನು ನಿಂತಿದ್ದೆ. ಎಡಗಾಲು ಒಳಗಿನ ಟೈಲ್ಸ್ ಮೇಲೆ, ಬಲಗಾಲು ಪಡಸಾಲೆಯಲ್ಲಿ. ಮೊದಲು ಒದ್ದೆಯಾದದ್ದು ಎಡಗಾಲು.

ಬಚ್ಚಲು ಕಟ್ಟಿಸಿದ್ದು ಅತ್ತೆಗಾಗಿ, ಅಂದರೆ ಹೆಂಡತಿಯ ತಾಯಿಗಾಗಿ. ಸೊಂಟದ ಮೂಳೆ ಮುರಿದು ಆಪರೇಷನ್ ಆದಮೇಲೆ ಅವರು ವಾಕರ್ ಹಿಡಿದು ನಡೆಯುತ್ತಿದ್ದರು. ಹಳೆಯ ಬಚ್ಚಲಿನ ಗೇಣೆತ್ತರದ ಕಟ್ಟೆ ದಾಟಲು ಮಾತ್ರ ಆಗುತ್ತಿರಲಿಲ್ಲ. ಮೂರು ತಿಂಗಳು ಪಡಸಾಲೆಯ ಹಿಂದಿನ ಅಂಗಳದಲ್ಲಿ ಮಗಳೇ, ಅಂದರೆ ನನ್ನ ಹೆಂಡತಿಯೇ, ನೀರು ಹಾಕಿದಳು. "ಬಾಗಲಾ ಹಾಕ್ಕೊಂಡು ಒಬ್ಬಾಕಿನ ಜಳಕಾ ಮಾಡಿದ್ರ ಸಾಕವಾ" ಎನ್ನುತ್ತಿದ್ದರು ಅತ್ತೆ. ಬೇರೇನೂ ಕೇಳಲಿಲ್ಲ.

ಹಾಗಾಗಿ ಹೊಸ ಬಚ್ಚಲಿಗೆ ಕಟ್ಟೆಯೇ ಬೇಡವೆಂದೆ. ಹಳಿಯಾಳದಿಂದ ಬಂದ ಗೌಂಡಿ ಗಾರೆ ಕೆಲಸ ಚೆನ್ನಾಗಿಯೇ ಮಾಡುತ್ತಿದ್ದ. ಆದರೆ ನಾನು ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹಾಳೆಯ ದಪ್ಪ ಅಳೆದವನು. ಅವನ ರಸಮಟ್ಟವನ್ನು ನೆಲಕ್ಕಿಟ್ಟು ನೋಡಿದೆ. ಗಾಜಿನ ಕೊಳವೆಯೊಳಗಿನ ಗುಳ್ಳೆ ಒಂದು ಬದಿಗೆ ಸರಿದಿತ್ತು.

"ನೆಲ ವಾರಿ ಆಗೇತಲ್ಲಪಾ."

"ಬಚ್ಚಲ್ರೀ ಅದು. ಇಳಿಜಾರಿರ್ಲಂತ ಢಾಳ ಕೊಟ್ಟೇನಿ. ನೀರು ಮೋರಿ ಜಾಳಿಗೆ ಹರೀಬೇಕಲ್ರಿ."

"ನಮ್ಮತ್ತಿ ವಾಕರ್ ಜಾರಿತಂದ್ರ? ಮಟ್ಟ ಮಾಡು."

"ಗುಳ್ಳಿ ನಿಂತ್ರ ನೀರೂ ನಿಂದರತಾವ್ರಿ ಸಾಹೇಬ್ರ."

ಮಟ್ಟ ಮಾಡಿಸಿದೆ. ನಾಲ್ಕು ಮೂಲೆಯಲ್ಲೂ ಗುಳ್ಳೆ ನಡುವೆ ನಿಂತಾಗ ಫೋಟೊ ಕೂಡ ತೆಗೆದುಕೊಂಡೆ.

ಆ ಬುಧವಾರ ಗೌಂಡಿ ಒಂದು ಬಕೆಟ್ ನೀರು ಸುರಿದ. ನೀರು ಜಾಳಿಯ ಕಡೆ ಹೋಗಲಿಲ್ಲ. ಸಮನಾಗಿ ಹರಡಿ ಮೂರು ಗೋಡೆ ಮುಟ್ಟಿತು. ನಾಲ್ಕನೆಯ ಕಡೆ ಅದಕ್ಕೆ ನನ್ನ ಕಾಲು ಸಿಕ್ಕಿತು, ಬಳಸಿಕೊಂಡು ಪಡಸಾಲೆಗೆ ಹೊರಟಿತು. ತಡೆಯಲೆಂದು ಬಲಗಾಲನ್ನೂ ಅಡ್ಡ ಇಟ್ಟೆ. ಎರಡು ಪಾದದಿಂದ ಒಂದು ಬಕೆಟ್ ನೀರು ನಿಲ್ಲುತ್ತದೆಂದು ಆ ಕ್ಷಣ ನಂಬಿದ್ದೆ.

ಅತ್ತೆ ಕುರ್ಚಿಯಲ್ಲಿದ್ದರು. ನೀರು ವಾಕರಿನ ಕಾಲು ಮುಟ್ಟುವವರೆಗೆ ನೋಡಿ, ಮಗಳಿಗೆ ಹೇಳಿದರು. ನನ್ನೊಂದಿಗೆ ಅವರು ನೇರ ಮಾತಾಡುವುದಿಲ್ಲ.

"ಅಳಿಯಂದ್ರು ಭಾಳ ಶಾಣ್ಯಾರ ಅದಾರವಾ. ನಾ ಬಚ್ಚಲಕ್ಕ ಹೋಗೂದ ಬ್ಯಾಡ, ಬಚ್ಚಲಾನ ನನ್ನ ಕಡೆ ಬಂತು."

ಹೆಂಡತಿ ನಗಲಿಲ್ಲ. ನೆಲ ಒರೆಸುತ್ತ, "ಅವ್ವಗ ಇನ್ನೆಷ್ಟು ದಿನಾ ಅಂಗಳದಾಗ ಕುಂದ್ರಸೂಣ್ರಿ?" ಎಂದಳು. ಅತ್ತೆ ಸೆರಗು ಎಳೆದುಕೊಂಡು ತಲೆ ತಗ್ಗಿಸಿದರು.

"ನಿನ್ನ ಢಾಳಾನ ಹಾಕಪಾ" ಎಂದೆ ಗೌಂಡಿಗೆ.

"ರಸಮಟ್ಟ ಎಲ್ಲಿಡ್ಲಿರಿ?"

"ನನಗ ಕಾಣದಂಗ ಇಡು."

ಟೈಲ್ಸ್ ಕಿತ್ತು ಮತ್ತೆ ಕೂರಿಸಿ, ಒಣಗಿದ ಮೇಲೆ, ಒಂದು ಭಾನುವಾರ ಅತ್ತೆ ವಾಕರ್ ಊರುತ್ತ ಒಳಗೆ ಹೋದರು. ಚಿಲಕ ಬಿದ್ದ ಸದ್ದು ಕೇಳಿತು. ಹೆಂಡತಿ, ಗೌಂಡಿ, ನಾನು, ಮೂವರೂ ಹೊರಗೆ ನಿಂತೆವು. ತಂಬಿಗೆಯ ಸದ್ದು ನಿಂತಾಗಲೆಲ್ಲ ಉಸಿರು ಹಿಡಿದೆವು. ನಾನು ಬಗ್ಗಿ ಬಾಗಿಲಡಿ ನೋಡುತ್ತಿದ್ದೆ. ಹನಿಯೂ ಹೊರಬರಲಿಲ್ಲ. ಇಪ್ಪತ್ತೈದು ನಿಮಿಷದ ಮೇಲೆ ಅವರು ಸೀರೆ ತಾವೇ ಉಟ್ಟು, ತಲೆಗೆ ಟವೆಲ್ ಸುತ್ತಿಕೊಂಡು ಬಂದರು.

ಇದನ್ನೂ ಆ ಬುಧವಾರದ ನೀರನ್ನೂ ಕಣ್ಣಾರೆ ಕಂಡವರಲ್ಲಿ ಗೌಂಡಿ ಹಳಿಯಾಳದಲ್ಲಿದ್ದಾನೆ, ಹೆಂಡತಿ ಇಲ್ಲೇ ಇದ್ದಾಳೆ. ಅತ್ತೆಯೂ ಇದ್ದಾರೆ, ಕೇಳಬಹುದು. ಸ್ವಲ್ಪ ಕಾಯಬೇಕು, ಜಳಕಕ್ಕೆ ಹೋಗಿದ್ದಾರೆ.